ಹೆಣ ಸಿಕ್ಕ ಮೇಲೆ ಎರಡು ಕಪ್ ಮೈದಾ: ಆಡಿಯೋ ಪುಸ್ತಕದ ಚಂದಾ ಮತ್ತು ಅಡಿಕೆ ಸುಲಿಯುವ ರಾತ್ರಿಗಳು

ಬೇಕರಿಯ ಹಿಂಬಾಗಿಲಲ್ಲಿ ಹೆಣ ಬಿದ್ದಿದೆ. ಪೊಲೀಸ್ ಅಧಿಕಾರಿ ಕಾರಿನಿಂದ ಇಳಿಯುತ್ತಿದ್ದಾನೆ. ಆಗ ಕಥೆ ಓದುವಾಕೆ ದನಿಯನ್ನು ಒಂದಿಷ್ಟೂ ಬದಲಿಸದೆ ಎರಡು ಕಪ್ ಮೈದಾ, ಅರ್ಧ ಚಮಚ ಸೋಡಾ, ಒಂದು ಸ್ಟಿಕ್ ಬೆಣ್ಣೆ ಎಂದು ಶುರು ಮಾಡುತ್ತಾಳೆ. ಈ ಆಡಿಯೋ ಪುಸ್ತಕ ಸೇವೆಯ ಮೇಲೆ ನನ್ನ ಮುಖ್ಯ ದೂರು ಇದೇ. ಅಚ್ಚಾದ ಪುಸ್ತಕದಲ್ಲಿ ರೆಸಿಪಿ ಬಂದರೆ ಕಣ್ಣು ತಾನಾಗಿ ಮುಂದಿನ ಪುಟಕ್ಕೆ ಹಾರುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ.

ಮುಂದಕ್ಕೆ ಓಡಿಸಬಾರದೇ ಎಂದು ಕೇಳುವವರು ಅಡಿಕೆ ಸುಲಿದವರಲ್ಲ. ಹಸಿ ಅಡಿಕೆಯ ಕರೆ ಹಿಡಿದ ಬೆರಳಿಗೆ ಮೊಬೈಲ್ ಪರದೆ ಓಗೊಡುವುದಿಲ್ಲ. ಓಗೊಟ್ಟರೂ ಪರದೆಯ ಮೇಲೆ ಅಂಟಿದ ಕಪ್ಪು ವಾರಗಟ್ಟಲೆ ಬಿಡುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಒಮ್ಮೆ ಕುಳಿತರೆ ನಡುವೆ ಎದ್ದು ಕೈ ತೊಳೆಯುವ ಪದ್ಧತಿಯೂ ಇಲ್ಲ. ಕಿವಿಗೆ ಸಿಕ್ಕಿಸಿದ ಬಡ್ಸ್ ಅನ್ನು ಮಣಿಕಟ್ಟಿನಿಂದ ತಟ್ಟಿದರೆ ಕಥೆ ನಿಲ್ಲುತ್ತದೆಯೇ ಹೊರತು ರೆಸಿಪಿ ದಾಟುವುದಿಲ್ಲ. ಹೀಗಾಗಿ ಓವನ್ನನ್ನು 350 ಡಿಗ್ರಿಗೆ ಕಾಯಿಸುವುದರಿಂದ ಹಿಡಿದು ಬಿಸ್ಕತ್ತು ತಣಿಯುವವರೆಗೂ ಕೇಳಲೇಬೇಕು. (ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು 175. ಅವರ ಒಂದು ಸ್ಟಿಕ್ ಬೆಣ್ಣೆ ಎಂದರೆ 113 ಗ್ರಾಂ. ನಮ್ಮ ಮನೆಯಲ್ಲಿ ಓವನ್ ಇಲ್ಲ, ಆದರೂ ಇದೆಲ್ಲ ಈಗ ಬಾಯಿಪಾಠ.)

ಆ್ಯಪ್‌ನ ಗುಣಲಕ್ಷಣಗಳನ್ನೆಲ್ಲ ಬರೆಯುವುದಿಲ್ಲ, ಜಾಹೀರಾತಿನಲ್ಲೇ ಇವೆ. ತೀರ್ಥಹಳ್ಳಿಯ ಕಡೆಯ ಒಂಟಿಮನೆಯವರಿಗೆ ಮುಖ್ಯವಾದದ್ದು ಒಂದೇ: ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ನಮಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದರೆಯ ಮೇಲೆ. ಸಂಜೆ ಹಾಲು ಕರೆದ ಮೇಲೆ ಅಲ್ಲಿ ನಿಂತು ಪುಸ್ತಕ ಇಳಿಸಿಕೊಳ್ಳುತ್ತೇನೆ. ಊಟ ಮುಗಿದು, ಅಂಗಳದ ಚಪ್ಪರದ ಕೆಳಗೆ ದೀಪ ಹಾಕಿ, ಮುಯ್ಯಾಳಿಗೆ (ಕೂಲಿಗಲ್ಲ, ಕೆಲಸಕ್ಕೆ ಬದಲು ಕೆಲಸ) ಬಂದವರಿಗೆಲ್ಲ ಕಾಫಿ ಕೊಟ್ಟು ಕೂತರೆ ಬಲಗಿವಿಯಲ್ಲಿ ಕೊಲೆ, ಎಡಗಿವಿಯಲ್ಲಿ ಊರ ಸುದ್ದಿ. ಎರಡೂ ಕಿವಿ ಮುಚ್ಚಿಕೊಂಡರೆ ಅತ್ತೆಗೆ ಸಿಟ್ಟು ಬರುತ್ತದೆ.

ಕೋಜಿ ಮಿಸ್ಟರಿ ಎಂದು ಕರೆಯುವ ಈ ಬಗೆಯ ಕಥೆಗಳ ಕಟ್ಟುಪಾಡು ಸರಳ. ಊರು ಚಿಕ್ಕದಿರಬೇಕು. ಕೊಲೆ ಮರೆಯಲ್ಲಿ ನಡೆಯಬೇಕು, ರಕ್ತದ ವರ್ಣನೆ ಇರಬಾರದು. ಪತ್ತೆ ಮಾಡುವವಳು ಪೊಲೀಸಿನವಳಾಗಿರದೆ ಬೇಕರಿಯವಳೋ ಕಾಫಿ ಅಂಗಡಿಯವಳೋ ಆಗಿರಬೇಕು. ಅಡುಗೆಯನ್ನೇ ನಡುವಿಗೆ ತಂದ ಕಥೆಗಳು ಹೊಸವೇನಲ್ಲ. ಅಮೆರಿಕದ ವರ್ಜೀನಿಯಾ ರಿಚ್ ಅಡುಗೆ ತರಗತಿಯೊಂದರ ಸುತ್ತ ಇಂಥ ಕಥೆ ಹೆಣೆದದ್ದು 1982ರಲ್ಲಿ. ಡಯೇನ್ ಮಾಟ್ ಡೇವಿಡ್ಸನ್ ಕೊಲರಾಡೋದ ಕೇಟರಿಂಗ್ ಮಹಿಳೆಯೊಬ್ಬಳನ್ನು ಪತ್ತೇದಾರಿಣಿಯಾಗಿಸಿದ್ದು 1990ರಲ್ಲಿ. ಮಂಜು ಬೀಳುವ ಆ ಊರುಗಳ ಬಗ್ಗೆ ನನಗೇನೂ ತಿಳಿಯದು. ಆದರೆ ಯಾರ ಮನೆಯಲ್ಲಿ ಯಾರು ಉಣ್ಣುವುದಿಲ್ಲ, ಯಾರು ಯಾರ ಉಪ್ಪಿನಕಾಯಿಯನ್ನು ತಮ್ಮದೆಂದು ಬಡಿಸಿದರು ಎಂಬುದನ್ನೆಲ್ಲ ನೆನಪಿಟ್ಟುಕೊಂಡವರೇ ಗೆಲ್ಲುವ ಕಥೆಯನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ.

ಮೊದಲ ಸುಗ್ಗಿಯಲ್ಲಿ ಚಂದಾ ರದ್ದು ಮಾಡುವ ಹಂತಕ್ಕೆ ಬಂದಿದ್ದೆ. ಉಳಿಸಿದವರು ಪಕ್ಕದ ಮನೆಯ ದೊಡ್ಡಮ್ಮ. ನಾನು ಒಬ್ಬಳೇ ನಕ್ಕಿದ್ದನ್ನು ನೋಡಿ, "ಏನೇ ಅದು, ನಮಗೂ ಹೇಳು" ಎಂದರು. ಹೇಳಿದೆ. ಊರ ಸಂತರ್ಪಣೆಯಂಥದ್ದರಲ್ಲಿ ಕೇಕು ತಿಂದು ಒಬ್ಬ ಸತ್ತಿದ್ದಾನೆ, ಎಲ್ಲರೂ ಕೇಕು ಮಾಡಿದವಳ ಮೇಲೆ ಅನುಮಾನಪಡುತ್ತಿದ್ದಾರೆ ಎಂದೆ. ದೊಡ್ಡಮ್ಮ ಕತ್ತಿಯಿಂದ ಕಣ್ಣೆತ್ತದೆ, "ಮಾಡಿದವಳು ಹಾಗಿರಲಿ, ಬಡಿಸಿದವರು ಯಾರು?" ಎಂದು ಕೇಳಿದರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಕಹಿ ಮುಚ್ಚುವಂಥದ್ದು ಅದರಲ್ಲಿ ಏನೇನು ಹಾಕಿದ್ದಳು?"

ಆ ಪ್ರಶ್ನೆಗೆ ಉತ್ತರ ಇದ್ದದ್ದು ನಾನು ಶಪಿಸುತ್ತಾ ಕೇಳಿದ್ದ ರೆಸಿಪಿಯಲ್ಲಿ.

ಅಂದಿನಿಂದ ನಮ್ಮ ಚಪ್ಪರದಲ್ಲಿ ರೆಸಿಪಿಯೇ ಸಾಕ್ಷಿ. ನಾನು ಒಂದೊಂದೇ ಸಾಮಾನು ಹೇಳುತ್ತೇನೆ, ಅವರು ವಿಚಾರಣೆ ನಡೆಸುತ್ತಾರೆ. ಅಷ್ಟು ಸಕ್ಕರೆ ಏಕೆ? ಬಾದಾಮಿಯ ಘಮ ಏಕೆ? ಸ್ಟ್ರಿಕ್ನಿನ್ ಎಂಬ ವಿಷ ನಮ್ಮ ಕಾಸರಕನ ಮರದ ಬೀಜದಲ್ಲೇ ಇರುವುದು ಎಂದಾಗ ದೊಡ್ಡಮ್ಮ ಕೈ ನಿಲ್ಲಿಸಿ, "ಆ ಕಹಿಯನ್ನು ಯಾವ ಕೇಕೂ ಮುಚ್ಚಲಾರದು, ಕಷಾಯದಲ್ಲಾದರೆ ನಂಬಬಹುದು" ಎಂದು ತೀರ್ಪು ಕೊಟ್ಟರು. ಅಗಾಥಾ ಕ್ರಿಸ್ಟಿ 1920ರ ತಮ್ಮ ಮೊದಲ ಕಾದಂಬರಿಯಲ್ಲಿ ಬಳಸಿದ್ದೂ ಇದೇ ವಿಷ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದ ಅವರಿಗೆ ಬಾಟಲಿಗಳ ಪರಿಚಯವಿತ್ತು. ದೊಡ್ಡಮ್ಮನಿಗೆ ಮರದ ಪರಿಚಯವಿದೆ. ಕಳಲೆಯ (ಎಳೆ ಬಿದಿರಿನ ಮೊಳಕೆ) ಮಾತು ಬಂದ ದಿನವಂತೂ ಸುಲಿಯುವ ಕೆಲಸವೇ ಅರ್ಧಕ್ಕೆ ನಿಂತಿತು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ನೆನೆಹಾಕಿ ನೀರು ಬದಲಿಸಿ ಬೇಯಿಸುವುದು ಅದಕ್ಕಾಗಿಯೇ ಎಂದೆ. "ಹಾಗಾದರೆ ಇವರೆಲ್ಲ ಪೇಟೆಯಿಂದ ವಿಷ ತರುವ ಕಷ್ಟ ಏಕೆ ಪಡುತ್ತಾರೆ?" ಎಂದು ಅತ್ತೆ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಅತ್ತೆಯ ಮುಖ ನೋಡಲಿಲ್ಲ.

ಸೇವೆಯ ಮೇಲಿನ ಉಳಿದ ಸಿಟ್ಟು ಹಾಗೆಯೇ ಇದೆ. ತಿಂಗಳಿಗೆ ಒಂದು ಕ್ರೆಡಿಟ್, ಅದಕ್ಕೆ ಒಂದು ಪುಸ್ತಕ. ಸುಗ್ಗಿಯಲ್ಲಿ ಒಂದು ಪುಸ್ತಕ ವಾರಕ್ಕೂ ಸಾಲದು, ಮಳೆಗಾಲದ ನಾಟಿಯ ಹೊತ್ತಿನಲ್ಲಿ ಕ್ರೆಡಿಟ್ ಸುಮ್ಮನೆ ಕೊಳೆಯುತ್ತದೆ. ನಮ್ಮ ಆದಾಯ ಬರುವುದು ರಾಶಿ, ಬೆಟ್ಟೆ ಬಗೆಯ ಅಡಿಕೆ ಮಂಡಿಗೆ ಹೋದ ಮೇಲೆ; ತಿಂಗಳ ಸಂಬಳದವರನ್ನು ನೋಡಿ ಮಾಡಿದ ಯೋಜನೆ ಇದು. ಓದುವವರಲ್ಲಿ ಕೆಲವರು ಮುದುಕರ ಮಾತು ಬಂದರೆ ಮೂಗಿನಿಂದ ದನಿ ಹೊರಡಿಸುತ್ತಾರೆ, ಆಗ ಯಾರು ಮಾತಾಡುತ್ತಿದ್ದಾರೆಂದೇ ತಿಳಿಯುವುದಿಲ್ಲ. ವೇಗವನ್ನು 0.8ಕ್ಕೆ ಇಳಿಸಿಕೊಂಡರೆ ನನ್ನಂಥವರಿಗೆ ಇಂಗ್ಲಿಷು ಹಿಡಿತಕ್ಕೆ ಸಿಗುತ್ತದೆ. ಇನ್ನು ಕನ್ನಡದ ವಿಭಾಗದಲ್ಲಿ ಈ ಬಗೆಯ ಒಂದೇ ಒಂದು ಪುಸ್ತಕ ನನಗೆ ಸಿಕ್ಕಿಲ್ಲ. ಹೊಳೆದಂಡೆಯ ಒಂದು ಅಪ್ಪೆಮಿಡಿ ಮರ, ಅದರ ಮೇಲೆ ಮೂರು ಮನೆಯವರ ಕಣ್ಣು, ಭರಣಿಯಲ್ಲಿ ಏನೋ ಕಲಬೆರಕೆ: ಇಷ್ಟು ಕೊಟ್ಟರೆ ಬರೆಯುವವರು ಯಾರೂ ಇಲ್ಲವೇ?

ಐದರಲ್ಲಿ ಮೂರು ನಕ್ಷತ್ರ. ಎರಡನ್ನು ಕ್ರೆಡಿಟ್ ಲೆಕ್ಕಕ್ಕೆ ಕಳೆದಿದ್ದೇನೆ, ರೆಸಿಪಿಗೆ ಕಳೆದಿಲ್ಲ. ಸುಲಿಯುವ ಯಂತ್ರ ಇರುವ ದೊಡ್ಡ ತೋಟದವರಿಗೆ ಈ ಚಂದಾ ದಂಡ. ಆ ಸದ್ದಿನಲ್ಲಿ ಏನೂ ಕೇಳಿಸದು. ಕೈಯಲ್ಲಿ ಸುಲಿಯುವವರು ಅಕ್ಟೋಬರಿನಲ್ಲಿ ಸೇರಿ, ಸುಗ್ಗಿ ಮುಗಿದೊಡನೆ ಚಂದಾ ತಡೆಹಿಡಿಯಿರಿ. ಅದಕ್ಕೂ ಮೊದಲು ಉಳಿದ ಕ್ರೆಡಿಟ್‌ಗಳಿಗೆ ಪುಸ್ತಕ ತೆಗೆದಿಟ್ಟುಕೊಳ್ಳಿ, ಕೊಂಡ ಪುಸ್ತಕಗಳು ಆಮೇಲೂ ಉಳಿಯುತ್ತವೆ.