ಸ್ಲಾಟುಗಳನ್ನು ಎಣಿಸಿ ಹಣ ಕೊಡಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಡೆಸ್ಕ್‌ಟಾಪ್ ಜೋಡಿಸಿಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ವಿಡಿಯೋ ಸಂಕಲನ ನನ್ನ ಹೊಟ್ಟೆಪಾಡು. ಗ್ರಾಫಿಕ್ಸ್ ಕಾರ್ಡ್, ಹೊರಗಿನ ವಿಡಿಯೋವನ್ನು ಯಂತ್ರಕ್ಕೆ ತರುವ ಕ್ಯಾಪ್ಚರ್ ಕಾರ್ಡ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿಗಳು (ವೇಗದ ಸಂಗ್ರಹಣಾ ಡ್ರೈವುಗಳು) ಏಕಕಾಲಕ್ಕೆ ನಡೆಯಬೇಕೆಂದು ಅಂಗಡಿಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದೇ ಕಳಿಸಿದ್ದೆ. ಅವರು ಬಿ550 ಚಿಪ್‌ಸೆಟ್‌ನ (ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್ಪು) ಮದರ್‌ಬೋರ್ಡೊಂದನ್ನು ಎದುರಿಗಿಟ್ಟು, "ಎರಡು ಉದ್ದನೆ ಸ್ಲಾಟ್ ಇದೆ, ಎರಡು ಎಂ.2 ಇದೆ, ಎಲ್ಲಾ ಕೂರುತ್ತೆ" ಎಂದರು. ಉದ್ದನೆ ಸ್ಲಾಟ್ ಎಂದರೆ ಕಾರ್ಡು ಚುಚ್ಚುವ ಜಾಗ, ಎಂ.2 ಎಂದರೆ ಎಸ್‌ಎಸ್‌ಡಿ ಕೂರಿಸುವ ಜಾಗ. ಎಲ್ಲವೂ ಕೂತವು, ಆದರೆ ಕ್ಯಾಪ್ಚರ್ ಕಾರ್ಡನ್ನು ಯಂತ್ರ ಗುರುತಿಸಲೇ ಇಲ್ಲ.

ಕಾರಣ ಬೋರ್ಡಿನ ಕೈಪಿಡಿಯಲ್ಲೇ, ಸಣ್ಣ ಅಕ್ಷರದಲ್ಲಿತ್ತು: ಎರಡನೆಯ ಎಂ.2ಗೆ ಎಸ್‌ಎಸ್‌ಡಿ ಹಾಕಿದರೆ ಕೆಳಗಿನ ಉದ್ದನೆಯ ಸ್ಲಾಟ್ ಕೆಲಸ ಮಾಡುವುದಿಲ್ಲ. ಪ್ರೊಸೆಸರ್ ತನ್ನ 16 ಲೇನುಗಳನ್ನು (ದತ್ತಾಂಶ ಓಡಾಡುವ ದಾರಿಗಳು) ಮೇಲಿನ ಸ್ಲಾಟಿಗೂ 4 ಲೇನುಗಳನ್ನು ಮೊದಲ ಎಂ.2ಗೂ ಕೊಡುತ್ತದೆ, ಮಿಕ್ಕದ್ದೆಲ್ಲ ಚಿಪ್‌ಸೆಟ್‌ನಿಂದ ಬರಬೇಕು, ಅಲ್ಲಿ ಒಂದೇ ಲೇನುಗಳನ್ನು ಇಬ್ಬರಿಗೆ ಹಂಚಿರುತ್ತಾರೆ. ಟಾರ್ಚ್ ಹಿಡಿದು ಕೆಳಗಿನ ಸ್ಲಾಟಿನೊಳಗೆ ನೋಡಿದೆ. ಹೊಳೆಯುವ ಪಿನ್ನುಗಳು ಮುಂಭಾಗದಲ್ಲಷ್ಟೇ ಇದ್ದವು. ಅರ್ಧಕ್ಕಿಂತ ಹೆಚ್ಚು ಉದ್ದ ಬರೀ ಪ್ಲಾಸ್ಟಿಕ್. ಎಕ್ಸ್16, ಅಂದರೆ 16 ಲೇನು ಹಿಡಿಯುವ ಗಾತ್ರದ ಸ್ಲಾಟಿಗೆ ನಾಲ್ಕೇ ಲೇನು. ಅದನ್ನು ತೋರಿಸಿ "ಎರಡು ಉದ್ದನೆ ಸ್ಲಾಟ್" ಎಂದು ಮಾರಿದ್ದರು. ಆ ಕ್ಷಣದ ಅವಮಾನ ಇನ್ನೂ ಮೈಯುರಿಸುತ್ತದೆ.

ಕೇಳಲು ಹೋದರೆ, "ಸ್ಲಾಟ್ ಇದೆ ಅಂದ್ವಿ, ಇದೆ ತಾನೇ?" ನನ್ನ ಸಂದೇಶ ತೋರಿಸಿದೆ. "ಅದು ಕಂಪನಿ ಡಿಸೈನ್ ಸಾರ್, ನಾವೇನ್ ಮಾಡೋಣ? ಒಂದು ಎಸ್‌ಎಸ್‌ಡಿ ತೆಗೆದುಬಿಡಿ." ಅವರೇ ಮಾರಿದ ಎಸ್‌ಎಸ್‌ಡಿಯನ್ನು ನಾನು ತೆಗೆದಿಡಬೇಕಂತೆ! ಬೋರ್ಡ್ ಬದಲಿಸಿ ಎಂದರೆ, ಡಬ್ಬ ಒಡೆದ ಮಾಲು ವಾಪಸಿಲ್ಲ. ಡಬ್ಬ ಒಡೆದವರು ಅವರೇ.

ಕ್ಯಾಬಿನೆಟ್ ವಿಷಯದಲ್ಲಂತೂ ಇನ್ನೂ ಅನ್ಯಾಯ. ಅದರ ಹಿಂಬದಿಯ ಏಳು ಸ್ಲಾಟುಗಳ ತಗಡುಗಳು ಸ್ಕ್ರೂ ಹಾಕಿದವಲ್ಲ, ಹಿಡಿದು ಅಲುಗಾಡಿಸಿ ಮುರಿಯುವಂಥವು. ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ಅಂಗಡಿಯ ಹುಡುಗನೇ ನನ್ನೆದುರು ಇಕ್ಕಳದಿಂದ ಮುರಿದು ಕಾರ್ಡುಗಳನ್ನು ಕೂರಿಸಿದ್ದ. ಈಗ ಮಾಲೀಕರು ಅದೇ ತೂತುಗಳನ್ನು ತೋರಿಸಿ, "ಕ್ಯಾಬಿನೆಟ್ ಡ್ಯಾಮೇಜ್ ಆಗಿದೆ, ನೋಡಿ" ಎನ್ನುತ್ತಾರೆ. ಮುರಿದವರೂ ಅವರೇ, ಡ್ಯಾಮೇಜ್ ಎನ್ನುವವರೂ ಅವರೇ.

ಸದ್ಯ ನನ್ನ ಎರಡನೆಯ ಎಸ್‌ಎಸ್‌ಡಿ ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಹೊರಗಿದೆ. ಅದರ ಪೂರ್ತಿ ವೇಗಕ್ಕೆ ಕೊಟ್ಟ ದುಡ್ಡು ದಂಡ.

ಹಣ ಕೊಡುವ ಮೊದಲು ತಯಾರಕರ ಜಾಲತಾಣದಿಂದ ಕೈಪಿಡಿ ಇಳಿಸಿಕೊಂಡು ಸ್ಲಾಟುಗಳ ಪುಟವನ್ನು ಅಡಿಟಿಪ್ಪಣಿ ಸಮೇತ ಓದಿ. ಕೆಲವು ಬೋರ್ಡುಗಳಲ್ಲಿ ಸ್ಲಾಟಿನ ಬದಲು ಎಂ.2 ಸ್ಥಗಿತವಾಗುತ್ತದೆ, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಪೋರ್ಟುಗಳೂ ಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಎಷ್ಟು ಸ್ಲಾಟ್ ದಪ್ಪವಿದೆ ಎಂದು ಕೇಳಿ. ಮೂರರಷ್ಟಿದ್ದರೆ ಅದರ ಕೆಳಗಿನ ಎರಡನ್ನು ಮರೆತುಬಿಡಿ. ಎಲ್ಲವೂ ಒಟ್ಟಿಗೆ ನಡೆಯುತ್ತದೆಂದು ಬಿಲ್ಲಿನ ಮೇಲೆ ಅಂಗಡಿಯವರ ಕೈಯಲ್ಲೇ ಬರೆಸಿ, ಬರೆಯಲು ಹಿಂದೆಗೆದರೆ ಮುಂಗಡ ಕೊಡದೆ ಎದ್ದು ಬನ್ನಿ.