ಹಾರ್ಟ್ ಮಾತ್ರೆ ತಗೊಳ್ಳುವವರು ಈ ‘ಪವರ್’ ಕ್ಯಾಪ್ಸೂಲ್ ಮುಟ್ಟಬೇಡಿ

ನಲವತ್ತೈದು ದಾಟಿದ ಗಂಡಸರು ಓದಿ, ಅವರ ಹೆಂಡಂದಿರೂ ಓದಿ. ನಮ್ಮ ಮನೆಯವರಿಗೆ ಆಗಿದ್ದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವರಿಗೆ 52. ಶುಗರ್ ಹಳೆಯದು. ಹೋದ ವರ್ಷ ಎದೆನೋವು ಬಂದ ಮೇಲೆ ಐಸೊಸಾರ್ಬೈಡ್ ಅನ್ನುವ ನೈಟ್ರೇಟ್ ಮಾತ್ರೆಯೂ ಶುರುವಾಯಿತು. ಹಾಸಿಗೆಯಲ್ಲಿ ಮೊದಲಿನ ಹಾಗೆ ಆಗುತ್ತಿಲ್ಲ ಅನ್ನುವ ಕೊರಗು ಒಳಗೇ ಇತ್ತು, ನನಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಫೋನಲ್ಲಿ ಒಂದು ಜಾಹೀರಾತು ನೋಡಿ ನಂಬರ್ ಕೊಟ್ಟಿದ್ದಾರೆ. ಸ್ವಲ್ಪ ಹೊತ್ತಿಗೇ ಡಾಕ್ಟರ್ ಅಂತ ಹೇಳಿಕೊಂಡು ಒಬ್ಬ ಫೋನ್ ಮಾಡಿದ. ವಯಸ್ಸು ಕೇಳಿದ, ಮದುವೆಯಾಗಿ ಎಷ್ಟು ವರ್ಷ ಅಂತ ಕೇಳಿದ, ಶುಗರ್, ಬಿಪಿ, ಹಾರ್ಟ್ ಬಗ್ಗೆ ಒಂದು ಮಾತೂ ಇಲ್ಲ. ‘ಪೂರ್ತಿ ಗಿಡಮೂಲಿಕೆ ಸರ್, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಅಂದನಂತೆ. ಪಾರ್ಸೆಲ್ ಸೀದಾ ಅಂಗಡಿಗೆ ಬಂತು. ಡಬ್ಬಿಯ ಮೇಲೆ ಓಡುವ ಕುದುರೆ, ಅಶ್ವಗಂಧ, ಶಿಲಾಜಿತ್ ಅಂತ ದಪ್ಪ ಅಕ್ಷರ. ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇರಬೇಕಾದ ಜಾಗ ಖಾಲಿ.

ನುಂಗಿ ಒಂದು ಗಂಟೆಯೊಳಗೆ ಮುಖ ಕೆಂಪಾಯಿತು, ಮೂಗು ಕಟ್ಟಿತು, ತಲೆ ಸಿಡಿಯತೊಡಗಿತು. ಬಚ್ಚಲಿಗೆ ಅಂತ ಎದ್ದವರು ಬಾಗಿಲ ಹತ್ತಿರ ಕುಸಿದರು. ಮೈಯೆಲ್ಲ ತಣ್ಣನೆ ಬೆವರು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಪೂರ್ತಿ ಇಳಿದಿತ್ತು. ‘ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ?’ ಅಂತ ಡಾಕ್ಟರ್ ಕೇಳಿದಾಗ ನನ್ನ ಮುಖ, ಮಗನ ಮುಖ ನೋಡಿ ಇಲ್ಲ ಅಂದರು. ಆ ಡಾಕ್ಟರಮ್ಮನಿಗೆ ಅನುಮಾನ ಬಂತು, ಪುಣ್ಯ. ನಮ್ಮನ್ನು ಹೊರಗೆ ಕಳಿಸಿ ಮತ್ತೆ ಕೇಳಿದರು. ಆಗ ಬಾಯಿಬಿಟ್ಟರು.

ಗಿಡಮೂಲಿಕೆ ಅಂತ ಮಾರುವ ಇಂಥ ಕ್ಯಾಪ್ಸೂಲಿನಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದಲ್ಲಿರುವ ಔಷಧಿಯನ್ನೇ ಕದ್ದು ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆಯಂತೆ. ಇವರದರಲ್ಲೂ ಅದೇ ಇರಬೇಕು ಅಂದರು ಡಾಕ್ಟರಮ್ಮ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯೂ ರಕ್ತನಾಳ ಹಿಗ್ಗಿಸುತ್ತದೆ, ಇದೂ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಬಿದ್ದು ಜೀವಕ್ಕೇ ಅಪಾಯ. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಅದೇ ಜಾತಿಯ ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವ ಹಾಗೇ ಇಲ್ಲ. ನಾಚಿಕೆಪಟ್ಟು ಮುಚ್ಚಿಟ್ಟರೆ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ?

ಮನೆಗೆ ಬಂದ ಮೇಲೂ ಕ್ಯಾಪ್ಸೂಲ್ ಮಾರಿದವನ ಫೋನ್ ನಿಲ್ಲಲಿಲ್ಲ. ಪೂರ್ತಿ ಕೋರ್ಸಿನ ದುಡ್ಡು ಹಾಕದಿದ್ದರೆ ಮನೆಯವರಿಗೆ ಹೇಳುತ್ತೇನೆ ಅಂತ ಬೆದರಿಕೆ. ನಾನೇ ಫೋನ್ ತಗೊಂಡು ಮಾತಾಡಿದೆ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಹಾಕುವುದು 1954ರ ಕಾನೂನಿನಲ್ಲೇ ಅಪರಾಧ. ಆದರೂ ದಿನಾ ಫೋನಲ್ಲಿ ಬರುತ್ತಲೇ ಇವೆ.

ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಗಂಡಸರ ಆ ಭಾಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಹಾಗಾಗಿ ಕೊಬ್ಬು ಕಟ್ಟಿದರೆ ತೊಂದರೆ ಮೊದಲು ಅಲ್ಲೇ ಕಾಣಿಸಬಹುದು, ಎದೆನೋವಿಗೂ ಎಷ್ಟೋ ಮುಂಚೆ. ಶುಗರ್ ಜಾಸ್ತಿಯಿದ್ದರೆ ನರಗಳೂ ಸೋಲುತ್ತವೆ. ಕೆಲವು ಬಿಪಿ ಮಾತ್ರೆಯಿಂದಲೂ ಹೀಗಾಗುತ್ತದೆ, ಡಾಕ್ಟರ್ ನೋಡಿ ಬದಲಾಯಿಸಬಹುದು, ನೀವಾಗಿಯೇ ನಿಲ್ಲಿಸಬೇಡಿ. ನಾವಿಬ್ಬರೂ ಒಟ್ಟಿಗೇ ಹೋಗಿ ಶುಗರ್ ಡಾಕ್ಟರ ಹತ್ತಿರ ಮಾತಾಡಿದೆವು. ಅವರು ಸ್ವಲ್ಪವೂ ಮುಜುಗರಪಡದೆ ಕೇಳಿದರು, ಈಗ ಇವರ ಅರ್ಧ ಭಯ ಇಳಿದಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥದ್ದು ತಗೊಂಡು ಎದೆನೋವು, ತಲೆಸುತ್ತು ಅಂದರೆ ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಕೊಡಬೇಡಿ, 108ಕ್ಕೆ ಫೋನ್ ಮಾಡಿ. ಎಷ್ಟು ಹೊತ್ತಿಗೆ ನುಂಗಿದರು ಅಂತ ಹೇಳಿ, ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ.