ಅಬ್ಬಿ ನೀರಿಗೆ ಯಾವ ಪೈಪು? ದಂಬೆ, ಪಿವಿಸಿ, ಕರಿ ಪೈಪು ಮೂರನ್ನೂ ನೋಡಿದ ಮೇಲೆ

ನಮ್ಮ ಮನೆ ಹೊಸನಗರ ಕಡೆಯ ಒಂದು ಗುಡ್ಡದ ಬುಡದಲ್ಲಿದೆ. ಮನೆಯಿಂದ ಸುಮಾರು 600 ಅಡಿ ದೂರ ಗುಡ್ಡ ಹತ್ತಿದರೆ ಅಬ್ಬಿ, ಅಂದರೆ ಗುಡ್ಡದಿಂದ ಇಳಿಯುವ ನೀರಿನ ಝರಿ. ಮೋಟಾರು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಚಿಕ್ಕಂದಿನಲ್ಲಿ ಅಡಿಕೆ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ತೆರೆದ ಕಾಲುವೆಯಲ್ಲಿ, ಬಂದ ನೀರು ಕುಡಿದು ಬೆಳೆದೆ. ಆಮೇಲೆ ನಾನೇ ಪಿವಿಸಿ ಎಳೆದೆ. ಈಗ ಐದು ವರ್ಷದಿಂದ ಕರಿ ಪೈಪು, ಅಂದರೆ ಎಚ್‌ಡಿಪಿಇ ಅನ್ನುವ ಬಾಗುವ ಪ್ಲಾಸ್ಟಿಕ್ಕಿನದು, ಇದೆ. ಹೊಸದಾಗಿ ಲೈನ್ ಎಳೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಿಸಿಲಿಗೆ ಬೀಳುವ ಕಡೆ ಕರಿ ಪೈಪೇ ಹಾಕಿ. ಮಣ್ಣಲ್ಲಿ ಹೂಳುವ ಕಡೆ ಪಿವಿಸಿ ಸಾಕು.

ದಂಬೆಯ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಅಡಿಕೆ ಮರ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದು, ಕವಲು ಗೂಟಗಳ ಮೇಲೆ ಒಂದರ ಬಾಯಿಗೆ ಒಂದು ಕೂರಿಸುತ್ತಿದ್ದರು. ಎಲ್ಲಿ ಕಟ್ಟಿದೆ ಅಂತ ಹುಡುಕಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಆದರೆ ಇಳಿಜಾರು ಎಲ್ಲೂ ತಪ್ಪಬಾರದು. ನಡುವೆ ಹಳ್ಳ ಬಂದರೆ ಎತ್ತರದ ಗೂಟ ಕೊಡಬೇಕು. ಮಳೆಗಾಲದಲ್ಲಿ ಅಪ್ಪಯ್ಯ ದಿನಾ ಬೆಳಿಗ್ಗೆ ಕಂಬಳಿ ಹೊದ್ದು ಎಲೆ ತೆಗೆಯಲು ಹತ್ತುತ್ತಿದ್ದರು. ಕೆಲವೇ ವರ್ಷಕ್ಕೆ ದಂಬೆ ಕೊಳೆತು ಲಡ್ಡಾಗುತ್ತಿತ್ತು. ಈಗ ಅಷ್ಟು ಕೈಗಳೂ ಮನೆಯಲ್ಲಿ ಇಲ್ಲ.

ಪಿವಿಸಿ ತಂದಾಗ ಒಂದಿಂಚಿನ, 20 ಅಡಿ ಉದ್ದದ 30 ಪೈಪು ಬೇಕಾಯಿತು. ಲೆಕ್ಕ ಹಾಕಿ, 29 ಜಾಯಿಂಟ್. ಬೇಸಿಗೆಯಲ್ಲಿ ಒರೆಸಿ, ಸಲ್ಯೂಷನ್ ಹಚ್ಚಿ, ಒತ್ತಿ ಹಿಡಿದು ಅಂಟಿಸಿದ್ದೆಲ್ಲ ಗಟ್ಟಿಯಾಗಿ ನಿಂತಿತು. ಮಳೆಯಲ್ಲಿ ಅವಸರಕ್ಕೆ ಅಂಟಿಸಿದ ಎರಡು ಜಾಯಿಂಟ್ ಮಾತ್ರ ಪದೇ ಪದೇ ಬಿಟ್ಟುಕೊಂಡವು. ಒದ್ದೆ ಪೈಪಿಗೆ ಸಲ್ಯೂಷನ್ ಹಿಡಿಯುವುದೇ ಇಲ್ಲ. ಕೆಲವರು ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಬಾಯಿ ಅಗಲ ಮಾಡುತ್ತಾರೆ. ದಯವಿಟ್ಟು ಬೇಡ. ಪಿವಿಸಿ ಸುಟ್ಟ ಹೊಗೆ ಕೆಟ್ಟದ್ದು. ಎರಡು ಪೈಪು ಸೇರಿಸುವ ಸಾಕೆಟ್ ಕೊಂಡು ಹಾಕಿ.

ನೀರಿನ ವಿಷಯದಲ್ಲಿ ಪಿವಿಸಿಯೇ ಮುಂದು. 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದ್ದೇನೆ. ಡಿಸೆಂಬರಿನಲ್ಲಿ ಪಿವಿಸಿಯಲ್ಲಿ 20 ಸೆಕೆಂಡಿಗೆ ತುಂಬುತ್ತಿತ್ತು. ಒಂದಿಂಚಿನದೇ ಕರಿ ಪೈಪಿನಲ್ಲಿ 24 ಸೆಕೆಂಡು ಬೇಕು. ಅದರ ಗೋಡೆ ದಪ್ಪ, ಒಳಗಿನ ತೂತು ಸ್ವಲ್ಪ ಸಣ್ಣ. ಏಪ್ರಿಲ್ ಬಂದರೆ ಅಬ್ಬಿಯೇ ಸಣ್ಣಗಾಗುತ್ತದೆ, ಆಗ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಪಿವಿಸಿಯನ್ನು ಸೋಲಿಸಿದ್ದು ಬಿಸಿಲು. ನಾಲ್ಕನೇ ಬೇಸಿಗೆಗೆ ಪೈಪು ಹಪ್ಪಳದ ಹಾಗೆ ಆಗಿತ್ತು. ಒಂದು ಒಣ ಕೊಂಬೆ ಬಿತ್ತು ಅಷ್ಟೇ, ಎರಡು ಮಾರು ಉದ್ದಕ್ಕೆ ಸೀಳಿತು. ಮಣ್ಣಲ್ಲಿ ಹೂತಿದ್ದ ಅಂಗಳದ ಭಾಗ ಮಾತ್ರ ಹೊಸದರಂತೆಯೇ ಇತ್ತು. ಅದನ್ನು ಇನ್ನೂ ತೆಗೆದಿಲ್ಲ.

ಕರಿ ಪೈಪಿಗೆ ಆ ಕಪ್ಪು ಬಣ್ಣವೇ ರಕ್ಷಣೆ. ಅದರಲ್ಲಿ ಸೇರಿಸಿರುವ ಕಾರ್ಬನ್ ಪುಡಿ ಬಿಸಿಲನ್ನು ತಡೆಯುತ್ತದೆ. 100 ಮೀಟರಿನ ಎರಡು ಸುರುಳಿ ತಂದೆ, ಜಾಯಿಂಟ್ ಒಂದೇ ಒಂದು! ಮರದ ಬುಡ ಸುತ್ತಿ, ಬಂಡೆ ಬಳಸಿ ಬಂದರೂ ತಿರುವಿಗೆ ಹಾಕುವ ಎಲ್ಬೋ ಬೇಡ. ಸುರುಳಿ ಬಿಚ್ಚಿ ಅರ್ಧ ದಿನ ಬಿಸಿಲಲ್ಲಿ ಬಿಡಿ, ಇಲ್ಲದಿದ್ದರೆ ಮತ್ತೆ ಸುತ್ತಿಕೊಳ್ಳುತ್ತದೆ. ಜಾಯಿಂಟಿಗೆ ನಾನು ಫ್ಲಾಸ್ಕಿನಲ್ಲಿ ಕುದಿಯುವ ನೀರು ಒಯ್ಯುತ್ತೇನೆ. ಡಬ್ಬಿಗೆ ಸುರಿದು, ಪೈಪಿನ ತುದಿಯನ್ನು ಅದ್ದಿ ಮೆತ್ತಗೆ ಮಾಡಿ, ಜಾಯಿಂಟರ್ ತುರುಕಿ, ಕ್ಲಾಂಪ್ ಬಿಗಿಯುತ್ತೇನೆ. ತಣ್ಣಗಾದ ಮೇಲೆ ಇನ್ನೊಂದು ಸುತ್ತು ಬಿಗಿಯಬೇಕು.

ದೋಷವೂ ಇದೆ. ಮುಳ್ಳುಹಂದಿ ಎರಡು ಸಲ ಕಡಿದಿದೆ. ಮಧ್ಯಾಹ್ನ ನಲ್ಲಿ ಬಿಟ್ಟರೆ ಮೊದಲ ಎರಡು ಮೂರು ಬಕೆಟ್ ಬಿಸಿ ನೀರು. ಕೊಳ್ಳುವಾಗ ಹುಷಾರಾಗಿರಿ. ತುರ್ತಿಗೆ ಅಂತ ಒಂದು ಅಂಗಡಿಯಿಂದ 50 ಅಡಿ ಕಡಿಮೆ ಬೆಲೆಯ ಕರಿ ಪೈಪು ತಂದಿದ್ದೆ. ಹೊಳಪಿಲ್ಲ, ಮೂಗಿಗೆ ಹಿಡಿದರೆ ವಾಸನೆ. ಬಾಗಿಸಿದ ಕಡೆಯೇ ಬಿರುಕು ಬಿಟ್ಟಿತು. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು ಅದು. ಕುಡಿಯುವ ನೀರಿಗಾದರೆ ಪೈಪಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 4984 ಅಂತ ಅಚ್ಚಾಗಿದೆಯಾ ನೋಡಿ. ಪಿವಿಸಿಗೆ ಅದು ಐಎಸ್ 4985. ಎಷ್ಟು ಕೇಜಿಯದು ಬೇಕು ಅಂತ ಅಂಗಡಿಯಲ್ಲಿ ಕೇಳುತ್ತಾರೆ. ಅದು ತೂಕವಲ್ಲ, ಪೈಪು ತಡೆಯುವ ಒತ್ತಡ. 10 ಮೀಟರ್ ಇಳಿತಕ್ಕೆ ಸುಮಾರು ಒಂದು ಕೇಜಿ ಒತ್ತಡ. ಗಾರೆಯವರ ಲೆವೆಲ್ ಟ್ಯೂಬ್ ಹಿಡಿದು ಅಳೆದಾಗ ನಮ್ಮದು 12 ಮೀಟರ್ ಬಂತು. ನಾಲ್ಕು ಕೇಜಿಯದು ಧಾರಾಳ. ಸುಮ್ನೆ ಜಾಸ್ತಿ ದಪ್ಪದ್ದು ಕೊಂಡರೆ ದುಡ್ಡೂ ಹೋಗುತ್ತದೆ, ತೂತೂ ಸಣ್ಣಗಾಗುತ್ತದೆ.

ಎರಡೂ ಪೈಪಿನಲ್ಲಿ ನನ್ನನ್ನು ಅಳಿಸಿದ್ದು ಗಾಳಿ. ಕರಿ ಪೈಪು ಎಳೆದ ದಿನ ಮೇಲೆ ನೀರು ತುಂಬಿದೆ, ಕೆಳಗೆ ಒಂದು ಹನಿ ಇಲ್ಲ. ನಡುವೆ ಒಂದು ದಿಬ್ಬ ಇತ್ತು. ಪೈಪು ಅದನ್ನು ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಹಾಕಿಕೊಂಡಿತ್ತು. ದಿಬ್ಬದ ನೆತ್ತಿಯಲ್ಲಿ ಕಾದ ಮೊಳೆಯಿಂದ ಸಣ್ಣ ತೂತು ಮಾಡಿದೆ. ಬುಸ್ ಅಂತ ಗಾಳಿ ಹೊರಟಿತು, ಕೈಗೆ ತಣ್ಣಗೆ ತಾಗಿತು. ಆಮೇಲೆ ಕೆಮ್ಮಿದ ಹಾಗೆ ನೀರು, ಆಮೇಲೆ ಸಣ್ಣ ಕಾರಂಜಿ. ಕೆಳಗಿನಿಂದ ಮಗಳು "ಬಂತು ಅಪ್ಪಾ, ಬಂತು!" ಅಂತ ಕೂಗಿದಳು. ಈಗ ಆ ಜಾಗಕ್ಕೆ ಟೀ, ಅಂದರೆ ಮೂರು ಬಾಯಿಯ ಜೋಡಣೆ, ಹಾಕಿ ಒಂದು ಸಣ್ಣ ನಲ್ಲಿ ಕೂರಿಸಿದ್ದೇನೆ. ಕೆಳಗಿನ ವಾಲ್ವ್ ಮುಚ್ಚಿಕೊಂಡು ಅದನ್ನು ತೆರೆದರೆ ಗಾಳಿ ಹೋಗುತ್ತದೆ. ದಂಬೆಗೆ ಈ ಕಾಟವೇ ಇರಲಿಲ್ಲ, ಅಲ್ವಾ.

ಅಬ್ಬಿಯ ಬಾಯಲ್ಲಿ ಮಾತ್ರ ಈಗಲೂ ಪಿವಿಸಿಯೇ. ಎರಡಡಿ ತುಂಡಿಗೆ ಸುತ್ತಲೂ ತೂತು ಕೊರೆದು, ತುದಿಗೆ ಎಂಡ್ ಕ್ಯಾಪ್ ಹಾಕಿ, ಮೇಲೆ ಕಿಟಕಿಗೆ ಹೊಡೆಯುವ ಸೊಳ್ಳೆ ಬಲೆ ಸುತ್ತಿದ್ದೇನೆ. ಅದು ಯಾವಾಗಲೂ ನೀರಿನಲ್ಲಿ ಒಂದು ಗೇಣು ಮುಳುಗಿರಬೇಕು. ಬಾಯಿ ಮೇಲೆ ಬಂತೋ, ಮತ್ತೆ ಗಾಳಿ ಎಳೆಯಿತು ಅಂತಲೇ ಅರ್ಥ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತಿ ಎಲೆ ಬಳಿದು ಬರುತ್ತೇನೆ.